ಕೂಲಿ ಗಿರಣಿಯೋ, ಸ್ವಂತ ಮುದ್ರೆಯೋ?: ಸ್ವತಂತ್ರ ವಿಡಿಯೊ ಆಟಗಳ ಗುಣಮಟ್ಟ ಮತ್ತು ಸವಾಲುಗಳು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂದೊಡನೆ ವಾಣಿಜ್ಯ ವಲಯದವರ ಮನಸ್ಸಿಗೆ ಬರುವುದು ಹೊಗೆಸೊಪ್ಪು, ಭತ್ತ, ಹತ್ತಿ, ಶುಂಠಿ, ಮರಮುಟ್ಟು. ಈ ಪಟ್ಟಿಗೆ ವಿಡಿಯೊ ಆಟವೆಂಬ ಸರಕನ್ನೂ ಸೇರಿಸಬೇಕೆಂದರೆ ಹಿರಿಯ ವರ್ತಕರು ನಕ್ಕಾರು. ಮಕ್ಕಳ ಕಣ್ಣು ಕೆಡಿಸುವ, ಓದಿಗೆ ಅಡ್ಡಿಯಾಗುವ ವಸ್ತುವೆಂದೇ ಬಹುಪಾಲು ಮನೆಗಳಲ್ಲಿ ಅದರ ಹೆಸರು. ಆದರೆ ಅದು ಒಂದು ತಯಾರಿಕೆ; ಅದಕ್ಕೂ ಬಂಡವಾಳ, ಕಚ್ಚಾ ವಸ್ತು, ಕುಶಲ ಕೆಲಸಗಾರರು, ದರ್ಜೆ, ದಲ್ಲಾಳಿ, ರಿಯಾಯಿತಿ, ಮಾಲು ವಾಪಸಾತಿ ಎಲ್ಲವೂ ಉಂಟು ಎಂಬುದನ್ನು ಗಮನಿಸಿದವರು ಕಡಿಮೆ. ಈ ನಾಲ್ಕು ತಾಲ್ಲೂಕುಗಳಿಂದ ಪ್ರತಿದಿನ ಬಸ್ಸು ಹಿಡಿದು ಮೈಸೂರಿನ ಇಂಜಿನಿಯರಿಂಗ್ ಕಾಲೇಜುಗಳಿಗೆ ಹೋಗುವ ತರುಣ ತರುಣಿಯರಲ್ಲಿ ಕೆಲವರಾದರೂ ಇಂತಹ ತಯಾರಿಕೆಯ ಕನಸು ಕಾಣುತ್ತಿರುತ್ತಾರೆ. ಅವರು ಬಂಡವಾಳಕ್ಕಾಗಿ ಮೊದಲು ಕೈಚಾಚುವುದು ಅಂಗಡಿಯಲ್ಲಿಯೋ ಗಿರಣಿಯಲ್ಲಿಯೋ ಕುಳಿತಿರುವ ತಂದೆಯ ಬಳಿಯೇ. ಆದುದರಿಂದ ಈ ವ್ಯಾಪಾರದ ಒಳಹೊರಗನ್ನು ವರ್ತಕರೂ ಸಣ್ಣ ಉದ್ದಿಮೆದಾರರೂ ತಿಳಿದಿರುವುದು ಉಚಿತ.

ಹೊಗೆಸೊಪ್ಪಿನ ಮಾತನ್ನು ಇಲ್ಲಿ ಎತ್ತದೆ ಗತ್ಯಂತರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಡಂಬಡಿಕೆಗೆ ಭಾರತವು 2004ರಲ್ಲಿಯೇ ಒಪ್ಪಿಗೆ ಕೊಟ್ಟಿದೆ. ಅಂದಿನಿಂದ ಹುಣಸೂರು, ಪಿರಿಯಾಪಟ್ಟಣ ಸೀಮೆಯಲ್ಲಿ ‘ಮುಂದೇನು’ ಎಂಬ ಪ್ರಶ್ನೆ ಪ್ರತಿ ಹರಾಜು ಋತುವಿನಲ್ಲಿಯೂ ಏಳುತ್ತಲೇ ಇದೆ. ವಿಡಿಯೊ ಆಟಗಳು ಈ ಪ್ರಶ್ನೆಗೆ ಉತ್ತರವೆಂದು ಯಾರೂ ಹೇಳುತ್ತಿಲ್ಲ, ಹೇಳಲೂಬಾರದು. ಬ್ಯಾರನ್ನಿನಲ್ಲಿ ದುಡಿಯುವ ಕೈಗಳಿಗೆ ಗಣಕಯಂತ್ರ ಕೊಟ್ಟುಬಿಟ್ಟರೆ ಆಯಿತು ಎನ್ನುವಷ್ಟು ಸರಳವಲ್ಲ ಈ ವಿಷಯ. ಆದರೆ ಓದಿದ ಮಕ್ಕಳು ಊರಲ್ಲಿಯೇ ಉಳಿದು ಹೊರದೇಶಕ್ಕೆ ಮಾರಬಹುದಾದ ಕೆಲವೇ ಸರಕುಗಳಲ್ಲಿ ಇದೂ ಒಂದು.

ಕೂಲಿ ಕೆಲಸದ ಇಪ್ಪತ್ತೈದು ವರ್ಷ

ಕೃಷ್ಣರಾಜನಗರದ ಅಕ್ಕಿ ಗಿರಣಿಯವರಿಗೆ ಒಂದು ವ್ಯತ್ಯಾಸ ಚೆನ್ನಾಗಿ ಗೊತ್ತು. ಬೇರೆಯವರ ಭತ್ತವನ್ನು ಕೂಲಿಗೆ ಬಡಿದುಕೊಡುವುದು ಒಂದು ಬಗೆ. ತನ್ನದೇ ಭತ್ತ ಕೊಂಡು, ತನ್ನದೇ ಮುದ್ರೆಯ ಚೀಲದಲ್ಲಿ ಅಕ್ಕಿ ಮಾರುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ನಷ್ಟ ಕಡಿಮೆ, ಲಾಭಕ್ಕೂ ಮಿತಿ. ಎರಡನೆಯದರಲ್ಲಿ ಮಾಲು ಹೋದರೆ ಮನೆ ಕಟ್ಟಬಹುದು, ಹೋಗದಿದ್ದರೆ ಮನೆ ಮಾರಬೇಕಾದೀತು.

ಕರ್ನಾಟಕದ ಆಟ ತಯಾರಿಕೆ ಪ್ರಾರಂಭವಾದದ್ದು ಕೂಲಿ ಗಿರಣಿಯ ರೀತಿಯಲ್ಲಿಯೇ. ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ 1997ರಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್, ದೇಶದ ಮೊದಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲೊಂದು. ವಿದೇಶಿ ಕಂಪನಿಗಳ ಆಟಗಳಿಗೆ ಬೇಕಾದ ವಾಹನ, ಕಟ್ಟಡ, ಪಾತ್ರ, ಹಿನ್ನೆಲೆ ಮುಂತಾದ ಕಲಾಭಾಗಗಳನ್ನು ಸಿದ್ಧಪಡಿಸಿಕೊಡುವುದರಲ್ಲಿ ಅದು ಹೆಸರು ಗಳಿಸಿತು. ಕೆಲಸದ ಗುಣಮಟ್ಟದ ಬಗ್ಗೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಆದರೆ ಆಟದ ಹೆಸರಾಗಲಿ, ಹಕ್ಕಾಗಲಿ ಬೆಂಗಳೂರಿನದಾಗಿರಲಿಲ್ಲ. ಕಾಲಕ್ರಮದಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಝ್ ಕಂಪನಿ ಅದನ್ನು ಕೊಂಡುಕೊಂಡಿತು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಕಂಪನಿಯ ಕೈಗೆ ಹೋಗಿ ಅದರ ಭಾರತೀಯ ಶಾಖೆಯಲ್ಲಿ ಲೀನವಾಯಿತು. ಝಿಂಗಾ ಕಂಪನಿ 2010ರಲ್ಲಿ ಬೆಂಗಳೂರಿನಲ್ಲಿ ಶಾಖೆ ತೆರೆಯಿತು, ಇತರರೂ ಬಂದರು. ಸಾವಿರಾರು ಜನರಿಗೆ ಉದ್ಯೋಗ ದೊರಕಿತು. ಇದು ಸಣ್ಣ ಮಾತಲ್ಲ.

ಆದಾಗ್ಯೂ ಕೂಲಿ ಕೆಲಸದ ಅಪಾಯವೇನೆಂಬುದು 2025ರ ಫೆಬ್ರವರಿಯಲ್ಲಿ ಎಲ್ಲರ ಅರಿವಿಗೆ ಬಂತು. ಚಿತ್ರೀಕರಣೋತ್ತರ ದೃಶ್ಯ ಸಂಯೋಜನೆ, ಅನಿಮೇಷನ್ ಮತ್ತು ಆಟಗಳ ಕಲಾ ಕೆಲಸ ಮಾಡುತ್ತಿದ್ದ ಟೆಕ್ನಿಕಲರ್ ಸಮೂಹ ಫ್ರಾನ್ಸಿನಲ್ಲಿ ಹಣವಿಲ್ಲದೆ ಕುಸಿಯಿತು. ಬೆಂಗಳೂರಿನಲ್ಲಿದ್ದ ಅದರ ಘಟಕಗಳ ನೌಕರರು ಕೆಲವೇ ದಿನಗಳಲ್ಲಿ ಬೀದಿಗೆ ಬಂದರು. ಅವರ ಕೈಯ ಕೆಲಸ ಚೆನ್ನಾಗಿಯೇ ಇತ್ತು. ಆದರೆ ಅವರದೆನ್ನುವ ಒಂದು ಸರಕೂ ಅವರ ಬಳಿ ಉಳಿಯಲಿಲ್ಲ. ಸ್ವತಂತ್ರ ತಯಾರಿಕೆಯ ಪ್ರಶ್ನೆ ಎದುರಾಗುವುದು ಇಲ್ಲಿಯೇ.

‘ಸ್ವತಂತ್ರ’ ಎಂದರೆ ಏನು

ದೊಡ್ಡ ಪ್ರಕಾಶಕ ಕಂಪನಿಯ ಮುಂಗಡ ಹಣವಿಲ್ಲದೆ, ಒಬ್ಬಿಬ್ಬರು ಅಥವಾ ಹತ್ತು ಹದಿನೈದು ಮಂದಿ ಸೇರಿ ತಮ್ಮದೇ ಕಲ್ಪನೆಯಿಂದ ತಯಾರಿಸಿ ಮಾರುವ ಆಟಕ್ಕೆ ‘ಇಂಡಿ’ ಎಂಬ ಹೆಸರು ರೂಢಿಯಲ್ಲಿದೆ. ಈ ನಾಲ್ಕು ತಾಲ್ಲೂಕುಗಳ ಓದುಗರಿಗೆ ಮೊದಲು ಹೇಳಬೇಕಾದ ಉದಾಹರಣೆ ‘ಸ್ಟಾರ್‌ಡ್ಯೂ ವ್ಯಾಲಿ’. ಅದು ಒಕ್ಕಲುತನದ ಆಟ. ಪಾಳುಬಿದ್ದ ಅಜ್ಜನ ಜಮೀನಿಗೆ ಮರಳಿದ ಮೊಮ್ಮಗ ಕಳೆ ಕೀಳುತ್ತಾನೆ, ಬೀಜ ಬಿತ್ತುತ್ತಾನೆ, ಕೋಳಿ ಸಾಕುತ್ತಾನೆ, ಊರಿನವರೊಡನೆ ಕಷ್ಟಸುಖ ಮಾತನಾಡುತ್ತಾನೆ. ಅಮೆರಿಕದ ಎರಿಕ್ ಬ್ಯಾರೋನ್ ಎಂಬ ತರುಣ ನಾಲ್ಕು ವರ್ಷಗಳಿಗೂ ಮಿಗಿಲಾಗಿ ಒಬ್ಬನೇ ಕುಳಿತು ಚಿತ್ರ, ಸಂಗೀತ, ಕಥೆ, ಕ್ರಮವಿಧಿ ಎಲ್ಲವನ್ನೂ ರಚಿಸಿ 2016ರ ಫೆಬ್ರವರಿಯಲ್ಲಿ ಅದನ್ನು ಬಿಡುಗಡೆ ಮಾಡಿದ. ಆ ಅವಧಿಯಲ್ಲಿ ಹೊಟ್ಟೆಪಾಡಿಗೆ ಒಂದು ರಂಗಮಂದಿರದಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಕೆಲಸ ಮಾಡುತ್ತಿದ್ದ. 2024ರ ಡಿಸೆಂಬರ್ ಹೊತ್ತಿಗೆ ಆ ಆಟದ 4 ಕೋಟಿ 10 ಲಕ್ಷ ಪ್ರತಿಗಳು ಮಾರಾಟವಾಗಿದ್ದವು. ಲಾಟರಿ ಗೆದ್ದವನ ಕಥೆ ಹೇಳಿ ಲಾಟರಿ ಮಾರಬಾರದು, ನಿಜ. ಆದರೆ ಕಳೆ ಕೀಳುವ ಕೆಲಸವನ್ನು ನಗರವಾಸಿಗಳು ಹಣ ಕೊಟ್ಟು ಕೊಳ್ಳುತ್ತಾರೆಂಬ ಸಂಗತಿ ಹೆಗ್ಗಡದೇವನಕೋಟೆಯ ರೈತನಿಗೆ ಸೋಜಿಗವೆನಿಸದೆ ಇರದು.

ನಮ್ಮ ದೇಶದಲ್ಲಿ ಹೆಚ್ಚು ಚರ್ಚೆಗೆ ಬಂದ ಸ್ವತಂತ್ರ ಆಟ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಯಾರಿಸಿದ ‘ರಾಜಿ’. ಅಸುರರು ಒಯ್ದ ತಮ್ಮನನ್ನು ಹುಡುಕಿ ಹೊರಡುವ ಬಾಲಕಿಯ ಕಥೆ ಅದು. 2017ರಲ್ಲಿ ಸಾರ್ವಜನಿಕರಿಂದ ಹಣ ಸಂಗ್ರಹಿಸಲು ಅವರು ಮಾಡಿದ ಪ್ರಯತ್ನ ಗುರಿ ಮುಟ್ಟಲಿಲ್ಲ. ತಂಡ ಎದೆಗುಂದದೆ ಮುಂದುವರಿದು 2020ರ ಆಗಸ್ಟ್‌ನಲ್ಲಿ ನಿಂಟೆಂಡೊ ಸ್ವಿಚ್ ಯಂತ್ರದಲ್ಲಿಯೂ, ಅದೇ ಅಕ್ಟೋಬರಿನಲ್ಲಿ ಇತರ ಯಂತ್ರಗಳಲ್ಲಿಯೂ ಆಟವನ್ನು ಹೊರತಂದಿತು. ಆ ವರ್ಷದ ‘ದಿ ಗೇಮ್ ಅವಾರ್ಡ್ಸ್’ನಲ್ಲಿ ಚೊಚ್ಚಲ ಸ್ವತಂತ್ರ ಆಟದ ಪ್ರಶಸ್ತಿಗೆ ಅದರ ಹೆಸರು ನಾಮಕರಣವಾಯಿತು. ವಿಮರ್ಶಕರು ಅದರ ಚಿತ್ರಕಲೆಯನ್ನೂ ವಾಸ್ತುವನ್ನೂ ಮನಸಾರೆ ಹೊಗಳಿದರು. ಕಾಳಗದ ಭಾಗ ತಕ್ಕಷ್ಟು ಹದವಾಗಿಲ್ಲ, ಆಟ ಬೇಗ ಮುಗಿಯಿತು, ಕಥೆ ಅರ್ಧಕ್ಕೆ ನಿಂತಂತಾಯಿತು ಎಂದು ಆಕ್ಷೇಪಿಸಿದರು. ಎರಡೂ ಮಾತು ನ್ಯಾಯವೇ. ಕಣ್ಣಿಗೆ ಹಬ್ಬವಾಗುವಂತೆ ಮಾಡುವುದರಲ್ಲಿ ನಮ್ಮವರ ಕೈ ಪಳಗಿದೆ, ಏಕೆಂದರೆ ಇಷ್ಟು ವರ್ಷ ಕೂಲಿಗೆ ಮಾಡಿದ್ದು ಅದನ್ನೇ. ಆಟದ ಒಳತಿರುಳನ್ನು ರೂಪಿಸುವ ಕೆಲಸ ವಿದೇಶದಲ್ಲಿಯೇ ಉಳಿದಿತ್ತು. ಆ ಅಭ್ಯಾಸ ಈಗಷ್ಟೇ ಆಗಬೇಕಾಗಿದೆ.

ಗುಣಮಟ್ಟವೆಂಬುದು ಎಲ್ಲಿದೆ

ಹುಣಸೂರಿನ ಹರಾಜು ಅಂಗಳದಲ್ಲಿ ಸೊಪ್ಪಿನ ಬೇಲ್‌ಗಳ ಸಾಲಿನ ನಡುವೆ ಕೊಳ್ಳುವವರು ನಡೆದುಹೋಗುವುದನ್ನು ಕಂಡವರಿಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. ಒಂದು ಬೇಲ್ ಮುಂದೆ ಅವರು ನಿಲ್ಲುವುದು ಕೆಲವೇ ಕ್ಷಣ. ಬಣ್ಣ, ಮೈ, ವಾಸನೆ ನೋಡಿ ದರ ಕೊಡುತ್ತಾರೆ, ಇಲ್ಲವೇ ಮುಂದೆ ಸಾಗುತ್ತಾರೆ. ಯಾರೂ ಕೊಳ್ಳದ ಬೇಲ್ ಗಾಡಿ ಏರಿ ಮನೆಗೆ ಮರಳುತ್ತದೆ. ಆರು ತಿಂಗಳ ಬೆವರಿನ ಮೌಲ್ಯ ಆ ಕೆಲವು ಕ್ಷಣಗಳಲ್ಲಿ ನಿಶ್ಚಯವಾಗಿಬಿಡುತ್ತದೆ. ವಿಡಿಯೊ ಆಟದ್ದೂ ಇದೇ ಗತಿ. ಗಣಕಯಂತ್ರದ ಆಟಗಳನ್ನು ಮಾರುವ ಅತಿದೊಡ್ಡ ಅಂತರ್ಜಾಲ ಮಳಿಗೆಯಾದ ಸ್ಟೀಮ್, 2015ರಿಂದ ಹಣ ಮರುಪಾವತಿಯ ನಿಯಮವೊಂದನ್ನು ತಂದಿದೆ: ಕೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಗಿರಾಕಿ ಮಾಲು ಹಿಂತಿರುಗಿಸಬಹುದು. ಮೂರು ವರ್ಷದ ಶ್ರಮವಾದರೂ ಸರಿ, ಮೊದಲ ಎರಡು ಗಂಟೆಯಲ್ಲಿ ಹಿಡಿಸದಿದ್ದರೆ ವ್ಯವಹಾರ ಮುಗಿಯಿತು.

ಈ ಉದ್ದಿಮೆ ಗುಣಮಟ್ಟದ ಪಾಠವನ್ನು ಬಲು ದುಬಾರಿ ಬೆಲೆ ತೆತ್ತು ಕಲಿತಿದೆ. 1982ರಲ್ಲಿ ಅಮೆರಿಕದ ಅಟಾರಿ ಕಂಪನಿ ‘ಇ.ಟಿ.’ ಚಲನಚಿತ್ರದ ಹೆಸರಿನ ಆಟವನ್ನು ಕ್ರಿಸ್‌ಮಸ್ ಮಾರಾಟಕ್ಕೆ ಒದಗಿಸುವ ಆತುರದಲ್ಲಿ ಸುಮಾರು ಐದು ವಾರಗಳಲ್ಲಿ ಬರೆಸಿತು. ಮಾಲು ಹೋಗಲಿಲ್ಲ. ಅಂಗಡಿಗಳಿಂದ ಹಿಂದಿರುಗಿದ ದಾಸ್ತಾನನ್ನು 1983ರಲ್ಲಿ ನ್ಯೂ ಮೆಕ್ಸಿಕೊದ ಅಲಮೊಗೋರ್ಡೊ ಎಂಬಲ್ಲಿ ಕಸದ ಗುಂಡಿ ತೋಡಿ ಹೂಳಲಾಯಿತು. 2014ರಲ್ಲಿ ಅಗೆದಾಗ ಅವು ಸಿಕ್ಕಿದವು. ಆ ಕಾಲದಲ್ಲಿ ಕಳಪೆ ಆಟಗಳ ಪ್ರವಾಹದಿಂದ ಅಮೆರಿಕದ ಇಡೀ ಮಾರುಕಟ್ಟೆಯೇ ಕುಸಿಯಿತು. ಬಳಿಕ ಬಂದ ಜಪಾನಿನ ನಿಂಟೆಂಡೊ ಕಂಪನಿ ತಾನು ಒಪ್ಪಿದ ಆಟದ ಪೆಟ್ಟಿಗೆಯ ಮೇಲೆ ಗುಣಮಟ್ಟದ ಮುದ್ರೆ ಒತ್ತತೊಡಗಿತು. ನಮ್ಮ ಅಗ್‌ಮಾರ್ಕ್, ಐಎಸ್ಐ ಮುದ್ರೆಗಳ ಹಿಂದಿರುವ ತರ್ಕವೇ ಇದು: ಗಿರಾಕಿ ಒಮ್ಮೆ ನಂಬಿಕೆ ಕಳೆದುಕೊಂಡರೆ ಒಳ್ಳೆಯ ಮಾಲಿನವನೂ ಅದರೊಡನೆ ಮುಳುಗುತ್ತಾನೆ.

ಇಂದು ಆ ಹೆಬ್ಬಾಗಿಲಿಲ್ಲ. 2017ರಿಂದ ಒಂದು ಆಟಕ್ಕೆ 100 ಡಾಲರ್ ಶುಲ್ಕ ಕಟ್ಟಿದ ಯಾರೇ ಆದರೂ ಸ್ಟೀಮ್‌ನಲ್ಲಿ ಅಂಗಡಿ ಇಡಬಹುದು. ಬಾಗಿಲು ತೆರೆದುದರಿಂದ ಹುಣಸೂರಿನವನಿಗೂ ಒಳಗೆ ಜಾಗ ಸಿಕ್ಕಿತು, ಸರಿ. ಆದರೆ 2024ರೊಂದರಲ್ಲಿಯೇ ಆ ಮಳಿಗೆಗೆ 18 ಸಾವಿರಕ್ಕೂ ಹೆಚ್ಚು ಹೊಸ ಆಟಗಳು ಬಂದವು. ಅಂದರೆ ದಿನಕ್ಕೆ ಸುಮಾರು ಐವತ್ತು. ಅಂಗಳ ದೊಡ್ಡದಾದಷ್ಟೂ ಒಂದು ಬೇಲ್ ಮುಂದೆ ನಿಲ್ಲುವ ಸಮಯ ಕಡಿಮೆ.

ಹಾಗಾದರೆ ಒಳ್ಳೆಯ ಆಟದ ಲಕ್ಷಣವೇನು? ಗುಂಡಿ ಒತ್ತಿದೊಡನೆ ಪಾತ್ರ ಸ್ಪಂದಿಸಬೇಕು. ಇದು ಎಲ್ಲಕ್ಕಿಂತ ಮೊದಲು. ಸೆಕೆಂಡಿಗೆ 60 ಚಿತ್ರ ತೋರಿಸುವ ಆಟದಲ್ಲಿ ಒಂದು ಚಿತ್ರ ಸಿದ್ಧವಾಗಲು ದೊರೆಯುವ ಅವಕಾಶ 16 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಮಾತ್ರ. ತಯಾರಕನ ಹೊಸ ಯಂತ್ರದಲ್ಲಿ ನುಣುಪಾಗಿ ಓಡುವ ಆಟ, ಗಿರಾಕಿಯ ಅಗ್ಗದ ಮೊಬೈಲಿನಲ್ಲಿ ತಡವರಿಸಿದರೆ ಅದು ಗಿರಾಕಿಯ ತಪ್ಪಲ್ಲ. ಎರಡನೆಯದು ಅಳತೆ. ಇಬ್ಬರು ಮಾಡುವ ಆಟ ಇಬ್ಬರು ಮುಗಿಸುವಷ್ಟೇ ಇರಬೇಕು. ಇನ್ನೂರು ಮಂದಿ ಮಾಡಿದ ಯುದ್ಧದ ಆಟವನ್ನು ಅನುಕರಿಸ ಹೊರಟ ತಂಡ ಅರ್ಧ ದಾರಿಯಲ್ಲಿ ಚದುರುವುದು ಹೆಚ್ಚುಕಡಿಮೆ ಖಚಿತ. ಸಣ್ಣ ಆಟ, ಒಂದೇ ಕಲ್ಪನೆ, ಅದರ ಪೂರ್ಣ ಹದ, ಇಷ್ಟು ಸಾಕು. ಮೂರನೆಯದಾಗಿ, ಇನ್ನೆಲ್ಲಿಯೂ ಸಿಗದ ಒಂದು ರುಚಿ ಇರಬೇಕು. ಇದಕ್ಕೆ ಕೆನಡಾದ ಟೊರಾಂಟೊ ನಗರದ ‘ವಿಸೈ ಗೇಮ್ಸ್’ ಎಂಬ ಪುಟ್ಟ ತಂಡದ ‘ವೆಣ್ಬಾ’ ಒಳ್ಳೆಯ ಸಾಕ್ಷಿ. 1980ರ ದಶಕದಲ್ಲಿ ಕೆನಡಾಕ್ಕೆ ವಲಸೆ ಹೋದ ತಮಿಳು ಗೃಹಿಣಿ, ಹರಿದುಹೋದ ತಾಯಿಯ ಅಡುಗೆ ಪುಸ್ತಕ ನೋಡಿಕೊಂಡು ಇಡ್ಲಿ, ಪುಟ್ಟು ಮುಂತಾದುವನ್ನು ಮಾಡುವುದೇ ಆಟ. ಇಡ್ಲಿ ತಟ್ಟೆಗಳನ್ನು ಹೇಗೆ ಜೋಡಿಸಿದರೆ ಹಬೆ ಸರಿಯಾಗಿ ಆಡುತ್ತದೆಂಬುದು ಅದರ ಮೊದಲ ಒಗಟು. ಮುಗಿಯಲು ಒಂದೆರಡು ಗಂಟೆ ಸಾಕು. 2023ರ ಜುಲೈನಲ್ಲಿ ಬಿಡುಗಡೆಯಾದ ಈ ಆಟಕ್ಕೆ ಮರುವರ್ಷ ಸ್ವತಂತ್ರ ಆಟಗಳ ಉತ್ಸವದ ಪರಮೋಚ್ಚ ಬಹುಮಾನವೂ, ಬ್ರಿಟನ್ನಿನ ಬಾಫ್ಟಾ ಚೊಚ್ಚಲ ಆಟದ ಪ್ರಶಸ್ತಿಯೂ ಸಂದವು. ನಮ್ಮ ಮನೆಯ ಇಡ್ಲಿ ಪಾತ್ರೆ ಕೂಡ ಕಚ್ಚಾ ವಸ್ತು ಎಂದು ಯಾರು ಎಣಿಸಿದ್ದರು!

ಲೆಕ್ಕದ ಪುಸ್ತಕ

ವರ್ತಕರಿಗೆ ಲೆಕ್ಕವಿಲ್ಲದ ಮಾತು ಸೇರದು. ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಹುಣಸೂರಿನ ಇಬ್ಬರು ಪದವೀಧರರು ಮನೆಯ ಒಂದು ಕೊಠಡಿಯಲ್ಲಿ ಕುಳಿತು ಹದಿನೆಂಟು ತಿಂಗಳಲ್ಲಿ ಒಂದು ಆಟ ತಯಾರಿಸುತ್ತಾರೆ ಎಂದುಕೊಳ್ಳಿ. ತಲಾ ತಿಂಗಳಿಗೆ 25,000 ರೂಪಾಯಿಯಂತೆ ಜೀವನವೆಚ್ಚ ಹಿಡಿದರೆ 9,00,000. ಎರಡು ಗಣಕಯಂತ್ರಕ್ಕೆ 1,60,000. ಸಂಗೀತ, ಧ್ವನಿಗೆ 75,000. ಭಾಷಾಂತರ ಹಾಗೂ ಪರೀಕ್ಷೆಗೆ 40,000. ವಿದ್ಯುತ್, ಅಂತರ್ಜಾಲಕ್ಕೆ ತಿಂಗಳಿಗೆ 2,500ರಂತೆ 45,000. ಮಳಿಗೆಯ ಶುಲ್ಕ ಸುಮಾರು 9,000. ಒಟ್ಟು 12,29,000 ರೂಪಾಯಿ.

ಆಟದ ಬೆಲೆ 400 ರೂಪಾಯಿ ಎಂದು ಇಟ್ಟರೂ ಹಬ್ಬದ ರಿಯಾಯಿತಿ, ತೆರಿಗೆ, ಮರುಪಾವತಿ ಎಲ್ಲ ಕಳೆದು ಸರಾಸರಿ 250 ರೂಪಾಯಿ ನಿಂತರೆ ಪುಣ್ಯ. ಅದರಲ್ಲಿ ಸ್ಟೀಮ್ ಮಳಿಗೆಯ ಪಾಲು ಶೇಕಡಾ 30. ತಯಾರಕನ ಕೈಗೆ 175. ಅಂದರೆ ಹಾಕಿದ ಹಣ ಮರಳಲು ಸುಮಾರು 7 ಸಾವಿರ ಪ್ರತಿ ಮಾರಾಟವಾಗಬೇಕು. ಇದರ ಮೇಲೆ ಅಮೆರಿಕದ ಗಿರಾಕಿಗಳಿಂದ ಬಂದ ಹಣದಲ್ಲಿ ಅಲ್ಲಿಯ ಸರ್ಕಾರ ಮೂಲದಲ್ಲಿಯೇ ತೆರಿಗೆ ಹಿಡಿಯುತ್ತದೆ. ಭಾರತ–ಅಮೆರಿಕ ತೆರಿಗೆ ಒಪ್ಪಂದದ ಲಾಭ ಕೋರಿ ಸರಿಯಾದ ನಮೂನೆ ತುಂಬಿಕೊಟ್ಟರೆ ಶೇಕಡಾ 30 ಇರುವುದು 15ಕ್ಕೆ ಇಳಿಯುತ್ತದೆ, ತುಂಬದವನು ಕಳೆದುಕೊಳ್ಳುತ್ತಾನೆ. ಸೇವಾ ರಫ್ತಾದುದರಿಂದ ಜಿಎಸ್‌ಟಿ ಶೂನ್ಯ ದರದ್ದು, ಆದರೆ ಅದಕ್ಕೂ ಮುಚ್ಚಳಿಕೆ ಪತ್ರ ಸಲ್ಲಿಸಬೇಕು. ಹೊಗೆಸೊಪ್ಪು, ಕಾಫಿ ರಫ್ತಿನಲ್ಲಿ ಪಳಗಿದ ಲೆಕ್ಕಪರಿಶೋಧಕರು ಈ ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆಟ ತಯಾರಿಸುವ ಹುಡುಗರು ಅವರ ಬಾಗಿಲು ತಟ್ಟುವುದು ಸಾಮಾನ್ಯವಾಗಿ ನಷ್ಟವಾದ ಮೇಲೆ.

ಮೊಬೈಲ್ ಆಟವಾದರೆ ಪ್ರವೇಶ ಅಗ್ಗ. ಗೂಗಲ್ ಪ್ಲೇ ಒಮ್ಮೆ ಮಾತ್ರ 25 ಡಾಲರ್ ತೆಗೆದುಕೊಳ್ಳುತ್ತದೆ. ಆದರೆ ಭಾರತದ ಗಿರಾಕಿ ಮೊಬೈಲ್ ಆಟಕ್ಕೆ ಹಣ ಕೊಡುವುದು ಅಪರೂಪ. ಜಾಹೀರಾತಿನ ಚಿಲ್ಲರೆ ಕಾಸಿನಿಂದ ಬದುಕಬೇಕಾದರೆ ಲಕ್ಷಾಂತರ ಜನ ಆಡಬೇಕು. 2016ರಲ್ಲಿ ಬಂದ ನವಿ ಮುಂಬೈನ ‘ಲೂಡೊ ಕಿಂಗ್’ ಅದನ್ನು ಸಾಧಿಸಿ ತೋರಿಸಿದೆ, ಎಲ್ಲರಿಗೂ ಅದು ಸಾಧ್ಯವಿಲ್ಲ. ಕಳಪೆ ಮಾಲು ತಡೆಯಲೆಂದು ಗೂಗಲ್ 2023ರ ಕೊನೆಯಲ್ಲಿ ಹೊಸ ವೈಯಕ್ತಿಕ ಖಾತೆದಾರರಿಗೆ ಇನ್ನೊಂದು ನಿಯಮ ಹಾಕಿತು: 20 ಮಂದಿ ಸತತ 14 ದಿನ ಪರೀಕ್ಷಿಸಿದ ಮೇಲೆಯೇ ಬಿಡುಗಡೆ. 2024ರ ಡಿಸೆಂಬರಿನಲ್ಲಿ ಆ ಸಂಖ್ಯೆಯನ್ನು 12ಕ್ಕೆ ಇಳಿಸಿತು. ನಗರದಲ್ಲಿ ಸ್ನೇಹಿತರ ಬಳಗವಿರುವವನಿಗೆ ಇದು ಲೆಕ್ಕಕ್ಕಿಲ್ಲ. ಹಳ್ಳಿಯಲ್ಲಿ ಒಬ್ಬನೇ ಕುಳಿತಿರುವವನಿಗೆ ಆ ಹನ್ನೆರಡು ಮಂದಿಯನ್ನು ಕೂಡಿಸುವುದೇ ಒಂದು ಜಾತ್ರೆ.

ಬಂಡವಾಳದ ವಿಷಯಕ್ಕೆ ಬಂದರೆ ಕಷ್ಟ ಇನ್ನೂ ಗಹನ. ಬ್ಯಾಂಕಿನವರು ಯಂತ್ರದ ದರಪಟ್ಟಿ ಕೇಳುತ್ತಾರೆ, ದಾಸ್ತಾನು ತೋರಿಸಿ ಎನ್ನುತ್ತಾರೆ. ಇಲ್ಲಿ ಯಂತ್ರವೆಂದರೆ ಎರಡು ಗಣಕ, ದಾಸ್ತಾನು ಎಂದರೆ ಕಣ್ಣಿಗೆ ಕಾಣದ ಕಡತ. ಉದ್ಯಮ್ ನೋಂದಣಿ ಮಾಡಿಸಿದರೆ ಮುದ್ರಾ ಸಾಲಕ್ಕೆ ದಾರಿಯಾಗಬಹುದು. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಗಣಕಯಂತ್ರದ ಕ್ರಮವಿಧಿಯು ‘ಸಾಹಿತ್ಯ ಕೃತಿ’. ಕಾನೂನಿನ ಕಣ್ಣಿನಲ್ಲಿ ಹೀಗೆ ಸಾಹಿತಿಯಾದವನಿಗೂ, ಸಾಲದ ವಿಷಯದಲ್ಲಿ, ನಿಜವಾದ ಸಾಹಿತಿಗೆ ದೊರೆಯುವಷ್ಟೇ ಮರ್ಯಾದೆ ದೊರೆಯುವುದೆಂದು ತೋರುತ್ತದೆ.

ಕನ್ನಡದ ಒತ್ತಕ್ಷರ

ಕನ್ನಡದಲ್ಲಿಯೇ ಆಟ ಮಾಡಹೊರಟವರಿಗೆ ಬೇರೆಯದೇ ಒಂದು ತೊಡಕು ಎದುರಾಗುತ್ತದೆ. ಹುಣಸೂರು, ಪಿರಿಯಾಪಟ್ಟಣದ ಮುದ್ರಣಾಲಯಗಳಲ್ಲಿ ನುಡಿ, ಬರಹ ತಂತ್ರಾಂಶಗಳೊಡನೆ ಹೆಣಗಾಡಿದವರಿಗೆ ಅದನ್ನು ವಿವರಿಸಬೇಕಿಲ್ಲ. ಆಟ ಕಟ್ಟುವ ಸಿದ್ಧ ತಂತ್ರಾಂಶಗಳಲ್ಲಿ ಸಣ್ಣ ತಂಡಗಳು ಹೆಚ್ಚು ಬಳಸುವುದು ಯೂನಿಟಿ. ಅದರಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಅಕ್ಷರ ಸಾಧನ ‘ಟೆಕ್ಸ್ಟ್‌ಮೆಶ್ ಪ್ರೊ’ ಇಂಗ್ಲಿಷಿನಂತೆ ಒಂದರ ಪಕ್ಕ ಒಂದು ಅಕ್ಷರ ಇಡುವುದನ್ನು ಮಾತ್ರ ಬಲ್ಲದು. ಕನ್ನಡದ ಗುಣಿತ, ಒತ್ತಕ್ಷರಗಳನ್ನು ತಾನಾಗಿ ಕೂಡಿಸಲು ಅದಕ್ಕೆ ಬಾರದು. ‘ಅಕ್ಕ’ ಎಂದು ಬರೆದರೆ ಒತ್ತು ಕೆಳಗಿಳಿಯದೆ ಅರ್ಧ ಅಕ್ಷರವಾಗಿ ಸಾಲಿನಲ್ಲಿಯೇ ನಿಲ್ಲುತ್ತದೆ; ‘ಸ್ತ್ರೀ’ ಎಂಬ ಪದ ಗುರುತೇ ಸಿಗದಂತೆ ಛಿದ್ರವಾಗುತ್ತದೆ. ಹೀಗಾಗಿ ಕೆಲವರು ಪ್ರತಿ ವಾಕ್ಯವನ್ನೂ ಚಿತ್ರವಾಗಿ ಅಂಟಿಸುತ್ತಾರೆ. ಆಮೇಲೆ ಒಂದು ಕಾಗುಣಿತ ತಿದ್ದಬೇಕಾದರೆ ಚಿತ್ರವನ್ನೇ ಮತ್ತೆ ಬರೆಯಬೇಕು.

ಇದಕ್ಕೆ ಪರಿಹಾರ ಬಂದದ್ದು ಅರ್ಜೆಂಟೀನಾದ ಇಬ್ಬರು ಹುಟ್ಟುಹಾಕಿದ, ಯಾರು ಬೇಕಾದರೂ ಬಿಡಿಗಾಸಿಲ್ಲದೆ ಬಳಸಬಹುದಾದ ‘ಗೋಡೋ’ ತಂತ್ರಾಂಶದಲ್ಲಿ. 2023ರ ಮಾರ್ಚ್‌ನಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುತ್ತದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯೂನಿಟಿ ಕಂಪನಿ, ಆಟವನ್ನು ಪ್ರತಿಯೊಬ್ಬರು ಸ್ಥಾಪಿಸಿಕೊಂಡಾಗಲೂ ತಯಾರಕ ಶುಲ್ಕ ಕೊಡಬೇಕೆಂದು ಪ್ರಕಟಿಸಿ, ಸಣ್ಣ ತಯಾರಕರ ಪ್ರತಿಭಟನೆಯಿಂದ ಕಂಗೆಟ್ಟು ಒಂದು ವರ್ಷದ ನಂತರ ಅದನ್ನು ಸಂಪೂರ್ಣ ಕೈಬಿಟ್ಟಿತು. ಯಂತ್ರ ಮಾರಿದವನು ಆಮೇಲೆ ಪ್ರತಿ ಚೀಲಕ್ಕೂ ಪಾಲು ಕೇಳಿದಂತಾಯಿತು ಈ ಕಥೆ. ಆ ಗಲಾಟೆಯಲ್ಲಿ ಅನೇಕರು ಗೋಡೋ ಕಡೆಗೆ ತಿರುಗಿದರು.

ಕೇವಲ ಕನ್ನಡದ ಗಿರಾಕಿಗಳನ್ನೇ ನಂಬಿ 7 ಸಾವಿರ ಪ್ರತಿ ಮಾರಲು ಸಾಧ್ಯವೇ ಎಂಬುದು ಬೇರೆ ಪ್ರಶ್ನೆ. ಸದ್ಯದಲ್ಲಿ ಅದು ಕಠಿಣ. ವೆಣ್ಬಾ ತಂಡ ಇಂಗ್ಲಿಷಿನಲ್ಲಿ ಮಾರಿ ಒಳಗೆ ತಮಿಳನ್ನು ಉಳಿಸಿಕೊಂಡ ಕ್ರಮ ಹೆಚ್ಚು ಕಾರ್ಯಸಾಧ್ಯವೆನಿಸುತ್ತದೆ.

ಜೂಜಿನ ನೆರಳು

ಪಾಲಕರ ಮನಸ್ಸಿನಲ್ಲಿ ‘ಗೇಮಿಂಗ್’ ಎಂಬ ಪದ ಈಗ ಸಾಲ, ಮನೆಮುರುಕುತನದ ಪರ್ಯಾಯ ಪದವಾಗಿಬಿಟ್ಟಿದೆ. ಅವರನ್ನು ದೂಷಿಸುವಂತಿಲ್ಲ. ಹಣ ಪಣಕ್ಕಿಡುವ ಮೊಬೈಲ್ ಆಟಗಳಲ್ಲಿ ಕೈ ಸುಟ್ಟುಕೊಂಡವರು ಸಣ್ಣ ಪೇಟೆಗಳಲ್ಲಿಯೂ ಇದ್ದಾರೆ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇವನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯ ನಿಷೇಧದ ಭಾಗಗಳನ್ನು ರದ್ದುಗೊಳಿಸಿತು. ಅನಂತರ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಪ್ರೋತ್ಸಾಹ ಹಾಗೂ ನಿಯಂತ್ರಣ ಅಧಿನಿಯಮವನ್ನು ಅಂಗೀಕರಿಸಿ, ಹಣದ ಆಟಗಳನ್ನು ಒಂದು ಕಡೆ, ಇ-ಕ್ರೀಡೆ ಮತ್ತು ಸಾಮಾಜಿಕ ಆಟಗಳನ್ನು ಇನ್ನೊಂದು ಕಡೆ ಇರಿಸಿತು. ಮೊದಲನೆಯದಕ್ಕೆ ನಿಷೇಧ, ಉಳಿದವಕ್ಕೆ ಉತ್ತೇಜನ ಎಂಬುದು ಅದರ ಧೋರಣೆ. ಕಥೆ ಹೇಳುವ, ಒಗಟು ಬಿಡಿಸುವ ಆಟ ಮಾರುವವನಿಗೂ ಜೂಜಿನ ಅಡ್ಡೆಗೂ ಸಂಬಂಧವಿಲ್ಲವೆಂಬುದನ್ನು ಹೀಗೆ ಕಾನೂನೇ ಬೇರ್ಪಡಿಸಿದ್ದು ಸಣ್ಣ ತಯಾರಕರಿಗೆ ಬಲು ದೊಡ್ಡ ಅನುಕೂಲ. ಆದರೂ ಮದುವೆಯ ಮಾತುಕತೆಯಲ್ಲಿ ‘ಹುಡುಗ ಗೇಮ್ ಮಾಡುತ್ತಾನೆ’ ಎಂದರೆ ಬೀಗರ ಮುಖ ಇಂದಿಗೂ ಬಾಡುತ್ತದೆ.

ಮೈಸೂರಿನ ಕಚ್ಚಾ ವಸ್ತು

ಈ ಮಣ್ಣಿಗೆ ಆಟ ಕಟ್ಟುವುದು ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸ್ವತಃ ಹೊಸ ಹೊಸ ಆಟಗಳನ್ನು ರೂಪಿಸಿದವರು. ಚದುರಂಗದ ಕುದುರೆ ಎಲ್ಲ ಮನೆಗಳನ್ನೂ ಒಮ್ಮೆ ಮಾತ್ರ ಮುಟ್ಟಿಬರುವ ನಡೆಗಳು, ‘ಛದ’ವೆಂಬ ಗಂಜೀಫಾ ಎಲೆಯಾಟದ ಹಲವು ಪ್ರಭೇದಗಳು ಅವರ ಹೆಸರಿನಲ್ಲಿವೆ. ಅವರ ಶ್ರೀತತ್ತ್ವನಿಧಿಯ ‘ಕೌತುಕನಿಧಿ’ ಭಾಗ ಇಂತಹ ಆಟಗಳಿಗೇ ಮೀಸಲು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 2007ರಿಂದ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಚೌಕಾಬಾರ, ಅಳಿಗುಳಿಮಣೆ, ಪಗಡೆಗಳ ಹಾಸುಗಳನ್ನು ಕುಶಲಕರ್ಮಿಗಳಿಂದ ಮತ್ತೆ ಮಾಡಿಸಿ ಮಾರಾಟಕ್ಕೆ ತಂದಿದೆ. ನಿಯಮ ಚಿಕ್ಕದು, ಆಟ ಆಳವಾದದ್ದು ಎಂಬ ಗುಣವೇ ಇಬ್ಬರು ಕುಳಿತು ಮಾಡುವ ಸ್ವತಂತ್ರ ಆಟಕ್ಕೂ ಬೇಕಾದದ್ದು.

ಕಥೆಗೂ ಬರವಿಲ್ಲ. ಹೆಗ್ಗಡದೇವನಕೋಟೆಯ ಕಾಕನಕೋಟೆ ಕಾಡಿನಲ್ಲಿ 1971ರವರೆಗೂ ನಡೆದ ಆನೆ ಖೆಡ್ಡಾ, ಚುಂಚನಕಟ್ಟೆಯ ಜಾತ್ರೆಯ ದನಗಳ ಚೌಕಾಸಿ, 1961ರಲ್ಲಿ ಬೈಲಕುಪ್ಪೆಗೆ ಬಂದಿಳಿದ ಟಿಬೆಟನ್ ನಿರಾಶ್ರಿತರ ಬದುಕು, ರಾತ್ರಿಯಿಡೀ ಬ್ಯಾರನ್ನಿನ ಕಾವು ಕಾಯುವ ಕುಟುಂಬ: ಇವೆಲ್ಲ ಹೊರಗಿನವರಿಗೆ ಹೊಸ ಲೋಕ. ಬೆಂಕಿಯ ಹದ ತಪ್ಪಿದರೆ ಎಲೆ ಕೆಡುತ್ತದೆ ಎಂಬ ಆ ಕಾವಲು ರಾತ್ರಿಯೇ ಹೇಳಿ ಮಾಡಿಸಿದ ಆಟ. ಆದರೆ ಜೇನುಕುರುಬರ ಹಾಡನ್ನೋ ಕಥೆಯನ್ನೋ ಕೇಳದೆ ಎತ್ತಿಕೊಂಡು ಮಾರುವುದು ತರವಲ್ಲ. ಕಚ್ಚಾ ವಸ್ತುವಿಗೆ ಬೆಲೆ ಕೊಡುವುದು ವ್ಯಾಪಾರದ ಮೊದಲ ಧರ್ಮ.

ಸರ್ಕಾರದ ನೆರವಿನ ಬಗ್ಗೆ ಎರಡು ಮಾತು. ಅನಿಮೇಷನ್, ಆಟಗಳ ವಲಯಕ್ಕೆ ದೇಶದಲ್ಲಿ ಮೊದಲು ನೀತಿ ರೂಪಿಸಿದ ರಾಜ್ಯ ಕರ್ನಾಟಕ, 2012ರಲ್ಲಿ. ಅದರ ಮೂರನೆಯ ಆವೃತ್ತಿ 2024–29ರ ಅವಧಿಯದು. 2021ರಲ್ಲಿ ಬೆಂಗಳೂರಿನಲ್ಲಿ ಉತ್ಕೃಷ್ಟತಾ ಕೇಂದ್ರವೂ ತೆರೆಯಿತು. ನೀತಿಯ ಫಲ ಬೆಂಗಳೂರಿನ ಹೊರವರ್ತುಲ ರಸ್ತೆ ದಾಟಿ ಬರುವುದು ನಿಧಾನ. ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯ ಚಿತ್ರಕಾರರಿದ್ದಾರೆ, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕ್ರಮವಿಧಿ ಬರೆಯುವವರಿದ್ದಾರೆ. ಇಬ್ಬರೂ ಒಂದೇ ಮೇಜಿಗೆ ಬಂದು ಕೂರುವ ಸ್ಥಳವೊಂದಿಲ್ಲ. ತಾಲ್ಲೂಕು ಕೇಂದ್ರದಲ್ಲಿ ಖಾಲಿ ಬಿದ್ದಿರುವ ಒಂದು ಮಳಿಗೆಯ ಮಹಡಿ, ನಿಲ್ಲದ ವಿದ್ಯುತ್ತು, ತಿಂಗಳಿಗೊಮ್ಮೆ ಬರುವ ಒಬ್ಬ ಲೆಕ್ಕಪರಿಶೋಧಕ, ಇಷ್ಟನ್ನು ನಾಲ್ಕಾರು ವರ್ತಕರು ಸೇರಿ ಒದಗಿಸಿದರೆ ಮೇಲೆ ಹೇಳಿದ 12 ಲಕ್ಷದ ಲೆಕ್ಕದಲ್ಲಿ ಗಣನೀಯ ಭಾಗ ಕರಗುತ್ತದೆ. ಆ ಹನ್ನೆರಡು ಪರೀಕ್ಷಕರೂ ಅಲ್ಲಿಯೇ ಸಿಕ್ಕಾರು.

ಹಣ ಹೂಡುವ ಮೊದಲು ನೋಡಬೇಕಾದದ್ದು ಆಟದ ಮಾದರಿ ತುಣುಕು. ಸ್ಟೀಮ್ ಮಳಿಗೆ ವರ್ಷಕ್ಕೆ ಮೂರು ಬಾರಿ, ಫೆಬ್ರವರಿ, ಜೂನ್ ಹಾಗೂ ಅಕ್ಟೋಬರ್‌ನಲ್ಲಿ, ಇನ್ನೂ ಬಿಡುಗಡೆಯಾಗದ ಆಟಗಳ ಮಾದರಿಗಳನ್ನು ಒಂದು ವಾರ ಉಚಿತವಾಗಿ ಆಡಲು ಬಿಡುತ್ತದೆ. ಎಷ್ಟು ಜನ ಆಡಿದರು, ಎಷ್ಟು ನಿಮಿಷ ಆಡಿದರು, ಎಷ್ಟು ಮಂದಿ ‘ಬಂದಾಗ ಕೊಳ್ಳುತ್ತೇನೆ’ ಎಂದು ಗುರುತು ಹಾಕಿಕೊಂಡರು ಎಂಬ ಅಂಕಿಅಂಶ ತಯಾರಕನ ಕೈಗೆ ಬರುತ್ತದೆ. ಮಗ ಅಥವಾ ಮಗಳು ಬಂಡವಾಳ ಕೇಳಿದಾಗ ತಂದೆ ಕೇಳಬೇಕಾದ ಕಾಗದ ಅದೇ. ಅಕ್ಟೋಬರಿನ ಆ ವಾರದಲ್ಲಿ ಹುಣಸೂರು, ಪಿರಿಯಾಪಟ್ಟಣದ ಹರಾಜು ಅಂಗಳಗಳಲ್ಲಿಯೂ ಹೊಸ ಸೊಪ್ಪಿನ ಬೇಲ್‌ಗಳು ಸಾಲಾಗಿ ಕುಳಿತು ಕೊಳ್ಳುವವರಿಗಾಗಿ ಕಾಯುತ್ತಿರುತ್ತವೆ.